ಒನಕೆ ಎತ್ತಿ ನಿಂತ ಅಜ್ಜಿ

ಮೈಸೂರಿನ ಒಂಟಿಕೊಪ್ಪಲಿನಲ್ಲಿ ದಸರೆ ಬಂತೆಂದರೆ ಮಕ್ಕಳು ಮನೆಮನೆಯ ಬಾಗಿಲಲ್ಲಿ ನಿಂತು "ಬೊಂಬೆ ಕೂರ್ಸಿದ್ದೀರಾ?" ಎಂದು ಕೇಳುತ್ತಿದ್ದರು. ಅಂಬುಜಮ್ಮನ ಮನೆಯ ಮುಂದೆ ಮಾತ್ರ ಆ ಮಾತಿಲ್ಲ. ಅಲ್ಲಿ ಕೇಳುತ್ತಿದ್ದದ್ದು, "ಶುರುವಾಯ್ತಾ?" ಎಂದು. ಉಳಿದವರ ಮನೆಯ ಬೊಂಬೆಗಳು ಕೂರುತ್ತಿದ್ದವು. ಈ ಮನೆಯವು ಕೆಲಸ ಮಾಡುತ್ತಿದ್ದವು.

ಅಂಬುಜಮ್ಮ ವರುಣದ ಕಡೆಯ ಒಕ್ಕಲು ಮನೆಯ ಹುಡುಗಿ. ಸ್ವಾತಂತ್ರ್ಯ ಬಂದ ವರ್ಷವೇ ಮದುವೆಯಾಗಿ ಮೈಸೂರಿಗೆ ಬಂದಳು. ತವರಿನಲ್ಲಿ ಬೊಂಬೆ ಕೂರಿಸುವ ಪದ್ಧತಿ ಇರಲಿಲ್ಲ. ಆದರೆ ಪೇಟೆಯಲ್ಲಿದ್ದ ಸೋದರತ್ತೆ, ಮೈಸೂರಿಗೆ ಹೋಗುವ ಹೆಣ್ಣು ಬರಿಗೈಯಲ್ಲಿ ಹೋಗಬಾರದೆಂದು ಒಂದು ಜೊತೆ ಪಟ್ಟದ ಬೊಂಬೆ ಕೊಟ್ಟಳು. ಕೆಂಪು ಮರದ ರಾಜ, ರಾಣಿ. ಪಟ್ಟದ ಬೊಂಬೆ ಮನೆಗೆ ಬಂದ ಮೇಲೆ ವರ್ಷವರ್ಷವೂ ಕೂರಿಸಬೇಕು, ವರ್ಷಕ್ಕೊಂದಾದರೂ ಹೊಸ ಬೊಂಬೆ ಸೇರಿಸಬೇಕು. ಹಾಗೆಂದು ಸೋದರತ್ತೆ ಹೇಳಿದ್ದನ್ನು ಅಂಬುಜಮ್ಮ ಚಾಚೂ ತಪ್ಪದೆ ನಡೆಸಿದಳು.

ಗಂಡ ಮರಿಸ್ವಾಮಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರು. ಸುಮ್ಮನೆ ಕೂತ ವಸ್ತು ಕಂಡರೆ ಅವನಿಗೆ ಆಗದು. ಮೊದಲ ದಸರೆಯಲ್ಲೇ ತೊಟ್ಟಿಲಲ್ಲಿ ಮಲಗಿದ್ದ ಮಣ್ಣಿನ ಮಗುವನ್ನು ನೋಡಿ, "ತೊಟ್ಲು ಅಂದ್ಮೇಲೆ ತೂಗಬ್ಯಾಡ್ವಾ?" ಎಂದು ದಾರ ಕಟ್ಟಿ ತೂಗಿಸಿದ. ಮರುವರ್ಷ ಸಂತೆಪೇಟೆಯ ಹಳೆ ಸಾಮಾನಿನಂಗಡಿಯಿಂದ ಹಿತ್ತಾಳೆಯ ಹಲ್ಲಿನ ಚಕ್ರವೊಂದನ್ನು ತಂದು, ಒನಕೆ ಹಿಡಿದು ಭತ್ತ ಕುಟ್ಟುವ ಅಜ್ಜಿಯನ್ನು ಮಾಡಿದ. ಅಜ್ಜಿಗೆ ಅಂಬುಜಮ್ಮನೇ ತನ್ನ ಹಳೆ ಸೀರೆಯ ಅಂಚು ಹರಿದು ಉಡಿಸಿದಳು. ಆಮೇಲೆ ಬಾವಿಯಲ್ಲಿ ನೀರು ಸೇದುವವಳು ಬಂದಳು, ಕಮ್ಮಾರ ಬಂದ. ಎಲ್ಲಕ್ಕೂ ಹಲಗೆಯ ಕೆಳಗೆ ಚಕ್ರ, ಪಟ್ಟಿ, ಹಿಂದುಗಡೆ ಒಂದೇ ಒಂದು ಕೈಹಿಡಿ. ಅದನ್ನು ತಿರುಗಿಸುವುದು ಅಂಬುಜಮ್ಮನ ಪಾಲಿಗೆ ಬಂತು.

ಹಬ್ಬದ ಸಂಜೆಗಳಲ್ಲಿ ಮರಿಸ್ವಾಮಿ ಮುಂದುಗಡೆ ನಿಂತು ಬಂದವರನ್ನು ವಿಚಾರಿಸುತ್ತಿದ್ದ. ಅಂಬುಜಮ್ಮ ಸೀರೆ ಕಟ್ಟಿದ ಮರೆಯ ಹಿಂದೆ ಮಣೆ ಹಾಕಿಕೊಂಡು ತಿರುಗಿಸುತ್ತಿದ್ದಳು. ಹೀಗಾಗಿ ಊರೆಲ್ಲ ನೋಡಿದ್ದನ್ನು ಅವಳು ನೋಡಲಿಲ್ಲ. ಕೇಳಿಸಿಕೊಂಡಳು. ಯಾರು ಬಂದರು, ಯಾರು ಎಷ್ಟು ಹೊತ್ತು ನಿಂತರು, ಯಾರು ತಿಂಡಿಗೆ ಮಾತ್ರ ಬಂದವರು, ಎಲ್ಲ ಕಿವಿಯಲ್ಲೇ ಗೊತ್ತಾಗುತ್ತಿತ್ತು.

ಆ ಕಿವಿಗೆ ಎಲ್ಲಕ್ಕಿಂತ ಗುರುತಿದ್ದದ್ದು ಒಂದು ನಗು. ಅಜ್ಜಿಯ ಚಕ್ರದಲ್ಲಿ ಒಂದು ಹಲ್ಲು ಸವೆದಿತ್ತು. ಅದರ ಸರದಿ ಬಂದಾಗ ಒನಕೆ ಮೇಲೆ ಹೋಗಿ ಅಲ್ಲೇ ನಿಂತುಬಿಡುತ್ತಿತ್ತು, ಅಜ್ಜಿ ಉಸಿರು ತೆಗೆದುಕೊಳ್ಳುವವಳ ಹಾಗೆ. ಮರೆಯ ಹಿಂದೆ ಅಂಬುಜಮ್ಮನ ಕೈಗೆ ಸಣ್ಣದೊಂದು ಜಗ್ಗು ತಾಗುತ್ತಿತ್ತು. ಮುಂದುಗಡೆ ಮಕ್ಕಳು, "ಅಜ್ಜೀ, ಬುಡಬ್ಯಾಡ ಕಣಜ್ಜೀ!" ಎಂದು ಕೂಗುತ್ತಿದ್ದರು. ಮುಂದಿನ ಹಲ್ಲು ಕಚ್ಚುತ್ತಿತ್ತು. ಒನಕೆ ದಬ್ಬೆಂದು ಬೀಳುತ್ತಿತ್ತು. ಆಗ ಆ ನಗು. ಬೀದಿಯಲ್ಲಿ ಆ ಬೊಂಬೆಗೆ ಸುಸ್ತಜ್ಜಿ ಎಂದೇ ಹೆಸರಾಯಿತು. ಸರಸ್ವತಿಪುರದಿಂದಲೂ ಜನ ಸುಸ್ತಜ್ಜಿಯನ್ನು ನೋಡಲು ಬರುತ್ತಿದ್ದರು.

ಜನ ಒಮ್ಮೆ ಮೆಚ್ಚಿದರೆ ಸಾಲ ಕೊಟ್ಟವರ ಹಾಗೆ ಆಗುತ್ತಾರೆ. ಗೌರಿ ಹಬ್ಬ ಕಳೆಯುವುದೇ ತಡ, "ಈ ಸಲ ಏನು ಹೊಸದು, ಮರಿಸ್ವಾಮೋರೇ?" ಎಂದು ದಾರಿಯಲ್ಲಿ ಅಡ್ಡ ಹಾಕಿ ಕೇಳುವರು. ಹೋದ ವರ್ಷಕ್ಕಿಂತ ದೊಡ್ಡದು ಬೇಕು, ಹೋದ ವರ್ಷದ್ದೂ ಇರಬೇಕು. ಮರಿಸ್ವಾಮಿಗೆ ಒಳಗೊಳಗೇ ಹಿಗ್ಗು. ರಾತ್ರಿ ಊಟಕ್ಕೆ ಕೂತರೂ ತಟ್ಟೆಯ ಅಂಚಿನಲ್ಲಿ ಬೆರಳಿನಿಂದ ಚಕ್ರ ಬರೆಯುತ್ತಿದ್ದ.

ಹತ್ತು ಹನ್ನೊಂದು ದಸರೆ ಹೀಗೆ ನಡೆದ ಮೇಲೆ ಒಂದು ಸಂಜೆ ವರ್ಕ್‌ಶಾಪಿನ ದೇವಯ್ಯ ಬೊಂಬೆ ನೋಡಲು ಬಂದ. ಅವನೂ ಫಿಟ್ಟರೇ, ಮರಿಸ್ವಾಮಿಗಿಂತ ಹಿರಿಯ. ಅಜ್ಜಿ ನಿಂತಳು, ಮಕ್ಕಳು ನಕ್ಕರು. ದೇವಯ್ಯ ತಲೆ ಓರೆ ಮಾಡಿ ಕೇಳಿಸಿಕೊಂಡ.

"ಏನ್ಲಾ ಮರಿಸ್ವಾಮಿ, ನಿನ್ ಚಕ್ರದಲ್ಲಿ ಹಲ್ಲು ಹೋಗೈತಲ್ಲೋ. ಇಷ್ಟು ಜನದ ಮುಂದೆ ಇದನ್ನ ಓಡಿಸ್ತಿದ್ದೀಯಾ? ನೋಡ್ದೋರು ಫಿಟ್ಟರ್ ಮಾಡ್ದ ಕೆಲಸ ಅಂತಾರಾ, ಬುಡು."

ಮರಿಸ್ವಾಮಿ ನಕ್ಕು ಮಾತು ತೇಲಿಸಿದ. ಆದರೆ ಆ ಮಾತು ಅವನಿಗೆ ಮುಳ್ಳಿನ ಹಾಗೆ ನಾಟಿತು. ಇಷ್ಟು ವರ್ಷ ಜನ ನಕ್ಕದ್ದು ತನ್ನ ಕೆಲಸದ ಊನಕ್ಕೆ ಎಂದು ಅವನ ಮನಸ್ಸಿಗೆ ಬಂತು. ಹಬ್ಬ ಮುಗಿದದ್ದೇ ಹಲಗೆ ಬಿಚ್ಚಿದ. ಎಲ್ಲ ಚಕ್ರಗಳನ್ನೂ ಹೊಸದಾಗಿ ಕುಯ್ದು, ಅರದಿಂದ ಉಜ್ಜಿ ಕೂರಿಸಿದ. ಸವೆದ ಚಕ್ರವನ್ನು ತುಂಡು ಮಾಡಿ, ಹೊಸ ಬೊಂಬೆಗಳ ಚಕ್ರದ ಅಚ್ಚುಗಳಿಗೆ ವಾಷರ್ ಬಿಲ್ಲೆಗಳಾಗಿ ಹಾಕಿಬಿಟ್ಟ. ಹೊಸ ಬೊಂಬೆ ಎಂದರೆ ಜಂಬೂಸವಾರಿ. ಅಂಬಾರಿ ಹೊತ್ತ ಆನೆ, ಮುಂದೆ ಹಿಂದೆ ಇನ್ನೆರಡು, ಕಾಲೆತ್ತಿ ಕಾಲಿಟ್ಟು ಹಲಗೆಯ ಸುತ್ತ ನಡೆಯುವ ಹಾಗೆ. ಅಂಥದು ಮೈಸೂರಿನಲ್ಲಿ ಯಾರ ಮನೆಯಲ್ಲೂ ಇರಲಿಲ್ಲ.

ಮುಂದಿನ ದಸರೆಯ ಪಾಡ್ಯದ ಸಂಜೆ ಅಂಬುಜಮ್ಮ ಕೈಹಿಡಿ ತಿರುಗಿಸಿದಳು. ಬೆಣ್ಣೆಯಲ್ಲಿ ಬೆರಳಾಡಿಸಿದಷ್ಟು ನುಣುಪು. ಜಗ್ಗು ಇಲ್ಲ. ಮುಂದುಗಡೆಯಿಂದ "ಅಬ್ಬಾ, ಆನೆ!" ಎಂಬ ಉದ್ಗಾರ ಕೇಳಿತು. ಸ್ವಲ್ಪ ಹೊತ್ತಿಗೆ ಒಂದು ಮಗು, "ಸುಸ್ತಜ್ಜಿ ಎಲ್ಲಿ?" ಎಂದಿತು.

"ಅಗೋ, ಅಲ್ಲೇ ಕುಟ್ತಾವ್ಳಲ್ಲಪ್ಪ," ಎಂದ ಮರಿಸ್ವಾಮಿ.

"ಇವಳಲ್ಲ."

"ಅದೇ ಬೊಂಬೆ ಕಣಪ್ಪ. ಸೀರೆ ನೋಡು, ಅದೇ ಸೀರೆ."

"ಇವಳಿಗೆ ಸುಸ್ತೇ ಆಗಲ್ಲ," ಎಂದು ಮಗು ತಿಂಡಿ ಇಸಕೊಂಡು ಹೋಯಿತು.

ಮರುದಿನವೂ ಹಾಗೆ, ಅದರ ಮರುದಿನವೂ ಹಾಗೆ. ಜನ ಬಂದರು, ಆನೆ ನೋಡಿದರು, ಚೆನ್ನಾಗಿದೆ ಎಂದರು, ಹೊರಟರು. ಚೆನ್ನಾಗಿದೆ ಎಂದು ಹೇಳಿ ಹೊರಡುವವರ ಹೆಜ್ಜೆ ಹೇಗಿರುತ್ತದೆಂದು ಅಂಬುಜಮ್ಮನಿಗೆ ಗೊತ್ತು. ಅವಳು ಗಂಡನಿಗೆ ಹೇಳಿದಳು: "ಅಜ್ಜಿ ನಿಲ್ತಿದ್ದದ್ದು ಬೇಕು ಕಣ್ರೀ ಅವರ್ಗೆ."

"ಹಲ್ಲು ಹೋದ ಚಕ್ರ ಮಡಗು ಅಂತೀಯಾ?" ಮರಿಸ್ವಾಮಿ ಸಿಡಿದ. "ವರ್ಷ ಪೂರ್ತಿ ಕಣ್ಣು ಹೋಗೋ ಹಂಗೆ ದುಡ್ದಿವ್ನಿ. ಆನೆ ನಡೆಸ್ದೆ. ಆನೆ ಬ್ಯಾಡ್ವಂತೆ, ಊನ ಬೇಕಂತೆ! ಸಾಕು ಬುಡು. ಈ ದಸರಾಗೆ ಮುಗೀತು. ಮುಂದಕ್ಕೆ ನಿನ್ ರಾಜ ರಾಣಿ ಇಬ್ರನ್ನೇ ಕೂರ್ಸ್ಕೊ, ಇವನ್ನೆಲ್ಲ ಯಾರಿಗಾದ್ರೂ ಕೊಟ್ಬುಡ್ತೀನಿ."

ಅವನು ಬಾಯಿಗೆ ಬಂದದ್ದನ್ನು ಆಡಿ ಮರೆಯುವವನಲ್ಲ. ಗಂಡ ಹೆಂಡತಿಗೆ ಮಕ್ಕಳಿರಲಿಲ್ಲ. ಬೇರೆ ದಿನಗಳಲ್ಲಿ ಆ ಬಾಗಿಲಿಗೆ ಬರುತ್ತಿದ್ದವರು ಹಾಲಿನವಳು, ಸೊಪ್ಪಿನವಳು. ಬೊಂಬೆ ಹೋದರೆ ಏನು ಹೋಗುತ್ತದೆಂದು ಅಂಬುಜಮ್ಮ ಲೆಕ್ಕ ಹಾಕಬೇಕಾಗಿರಲಿಲ್ಲ.

ಆಯುಧಪೂಜೆಯ ದಿನ ಮರಿಸ್ವಾಮಿ ಅರ, ಸುತ್ತಿಗೆ, ಚಾಣ ಎಲ್ಲವನ್ನೂ ತೊಳೆದು, ದೇವರ ಮುಂದೆ ಕೆಂಪು ವಸ್ತ್ರದ ಮೇಲಿಟ್ಟು, ಕುಂಕುಮವಿಟ್ಟು ಹೂವೇರಿಸಿದ. ಹಾಗಿಟ್ಟ ಮೇಲೆ ಮರುದಿನ ವಿಸರ್ಜನೆ ಆಗುವವರೆಗೆ ಮುಟ್ಟುವಂತಿಲ್ಲ.

ಸಂಜೆ ಹಿಂದಿನ ಬೀದಿಯ ದಾಕ್ಷಾಯಣಮ್ಮ ಮೊಮ್ಮಗಳನ್ನು ಕರೆದುಕೊಂಡು ಬಂದರು. ಮಗು ನಂಜನಗೂಡಿನಿಂದ ಬಂದಿತ್ತು. ತನ್ನ ಅಜ್ಜಿಯ ಬಾಯಲ್ಲಿ ಸುಸ್ತಜ್ಜಿಯ ಕಥೆ ವರ್ಷವೆಲ್ಲ ಕೇಳಿ ಬಂದಿತ್ತು. ಬಹಳ ಹೊತ್ತು ನೋಡಿ, "ಯಾವಾಗ ನಿಲ್ತಾಳೆ?" ಎಂದಿತು.

"ನಿಲ್ತಾಳೆ ತಡಿ, ಪುಟ್ಟೂ," ಎಂದರು ದಾಕ್ಷಾಯಣಮ್ಮ. ಸುಸ್ತಜ್ಜಿ ನಿಲ್ಲಲಿಲ್ಲ. "ನೀನು ಸುಳ್ಳು ಹೇಳ್ದೆ," ಎಂದು ಮಗು ಅಳುವ ಗಂಟಲಿನಲ್ಲಿ ಹೇಳಿತು. ದಾಕ್ಷಾಯಣಮ್ಮ ಮರಿಸ್ವಾಮಿಯ ಕಡೆ ತಿರುಗಿದರು. "ಏನ್ರೀ ಮರಿಸ್ವಾಮಿ, ನನ್ನ ಮಾನ ಕಳೆದ್ರಲ್ಲ! ನಮ್ಮಜ್ಜಿನ ಏನ್ ಮಾಡಿದ್ರಿ?"

ಮರಿಸ್ವಾಮಿ ದೇವರ ಮುಂದಿಟ್ಟ ಅರದ ಕಡೆ ನೋಡಿದ. "ಅರ ಹಾಕಿ ಒಂದು ಹಲ್ಲು ಸವೆಸಿದ್ರೆ ಆಗೋ ಕೆಲಸ ಕಣವ್ವ," ಎಂದ, ಎಂದೂ ಇಲ್ಲದ ಮೆತ್ತಗಿನ ಸ್ವರದಲ್ಲಿ. "ಇವತ್ತು ಅರ ಮುಟ್ಟಂಗಿಲ್ಲ. ನಾಳೆ ಬೊಂಬೆ ಮಲಗಿಸೋ ದಿನ. ಇನ್ನೇನು, ಬುಡಿ."

ಮರೆಯ ಹಿಂದೆ ಅಂಬುಜಮ್ಮನಿಗೆ ಅದು ಕೇಳಿಸಿತು. ಅರ ಮುಟ್ಟುವಂತಿರಲಿಲ್ಲ, ಸರಿ. ಕೈ ಅವಳದೇ. ನೀರು ಸೇದುವ ಬೊಂಬೆಯ ರಾಟೆ ಕಿರ್ ಎಂದರೆ ಆಗ ಒನಕೆ ಮೇಲಿದೆ ಎಂದು ಅರ್ಥ. ಅದು ಅವಳಿಗೆ ವರ್ಷಗಳಿಂದ ತಿಳಿದದ್ದು. ರಾಟೆ ಕಿರ್ ಎಂದಿತು. ಅವಳು ಕೈ ನಿಲ್ಲಿಸಿದಳು.

ಹಳೆ ಚಕ್ರದ ಕಾಲದಲ್ಲಿ ನಿಲ್ಲುತ್ತಿದ್ದವಳು ಅಜ್ಜಿಯೊಬ್ಬಳೇ. ಈಗ ಎಲ್ಲವೂ ನಿಂತವು. ಕಮ್ಮಾರನ ಸುತ್ತಿಗೆ ಮೇಲೆ, ನೀರಿನವಳ ಬಿಂದಿಗೆ ನಡುಬಾವಿಯಲ್ಲಿ, ತೊಟ್ಟಿಲು ಒಂದು ಕಡೆಗೆ ವಾಲಿಕೊಂಡು. ಅಂಬಾರಿ ಆನೆ ಕಾಲೆತ್ತಿಕೊಂಡು ನಿಂತಿತು.

"ಅಂಬುಜಾ! ಪಟ್ಟಿ ಜಾರ್ತಾ?" ಎಂದು ಮರಿಸ್ವಾಮಿ ಕೂಗಿದ. ಅವಳು ಕೈಹಿಡಿಯನ್ನು ಹಾಗೇ ಒತ್ತಿ ಹಿಡಿದಳು. ಮನೆಯೊಳಗೆ ಯಾರೂ ಉಸಿರೆತ್ತಲಿಲ್ಲ.

"ಅಜ್ಜಿಗೆ ಸುಸ್ತಾಯ್ತು," ಎಂದಿತು ನಂಜನಗೂಡಿನ ಮಗು. "ಆನೇನೂ ಕಾಯ್ತಾ ಇದೆ!"

ಅಂಬುಜಮ್ಮ ಮತ್ತೆ ಕೈಹಿಡಿ ತಿರುಗಿಸಿದಳು. ಒನಕೆ ದಬ್ಬೆಂದಿತು, ಆನೆ ಕಾಲಿಟ್ಟಿತು. ಆಮೇಲೆ ಬಂದ ನಗು ಹಳೆಯ ನಗು ಅಲ್ಲ. ಮೊದಲು ಒಂದಿಷ್ಟು ಮೌನ, ಅದರ ಬೆನ್ನಿಗೆ ನಗು. ಅವಳು ತಲೆ ಓರೆ ಮಾಡಿ ಕೇಳಿಸಿಕೊಂಡಳು. ಪರವಾಗಿಲ್ಲ ಅನ್ನಿಸಿತು.

ಮಾತು ರಾತ್ರಿಯೊಳಗೆ ಬೀದಿ ದಾಟಿತು. ವಿಜಯದಶಮಿಯ ದಿನ ನಿಜವಾದ ಸವಾರಿ ನೋಡಿ ಬಂದವರು ಹಾಗೇ ಇತ್ತ ನುಗ್ಗಿದರು. ದೇವಯ್ಯನೂ ಬಂದ. "ಅಜ್ಜಿಗೋಸ್ಕರ ಸವಾರಿನೇ ನಿಲ್ಸ್ಬುಟ್ಟಲ್ಲೋ, ಭಲೆ!" ಎಂದ. ಮೊದಲಿನದೇ ಚೆನ್ನಾಗಿತ್ತು ಎಂದವರೂ ಇದ್ದರು. ಇರಲಿ, ಅವರೂ ನಿಂತು ನೋಡಿಯೇ ಹೇಳಿದರು.

ಜನ ಹೋದ ಮೇಲೆ ಆರತಿ ಎತ್ತಿ ಗಂಡ ಹೆಂಡತಿ ರಾಜ ರಾಣಿಯರನ್ನು ಮಲಗಿಸಿದರು. ಮರಿಸ್ವಾಮಿ ಸುಸ್ತಜ್ಜಿಯನ್ನು ಹಳೆ ಪಂಚೆಯಲ್ಲಿ ಸುತ್ತುತ್ತಾ, ಯಾರಿಗೂ ಕೊಡುವ ಮಾತೆತ್ತಲಿಲ್ಲ. "ಮುಂದಿನ ಸಲಕ್ಕೆ ಒಂದು ತಡೆ ಹಾಕ್ತೀನಿ, ತನ್ನಷ್ಟಕ್ಕೆ ನಿಲ್ಲಂಗೆ," ಎಂದ.

"ಏನೂ ಹಾಕ್ಬ್ಯಾಡಿ. ಅದು ನನ್ ಕೈಲೇ ಇರ್ಲಿ."

"ನಿನ್ ಕೈಗೇ ಸುಸ್ತಾದ್ರೆ?"

"ಅಜ್ಜಿಗೂ ಆಯ್ತದೆ, ಬುಡಿ."

ಆಮೇಲೆಯೂ ವರ್ಷಕ್ಕೊಂದು ಹೊಸ ಬೊಂಬೆ ಬಂತು. ಕೆಲವು ಜನಕ್ಕೆ ಹಿಡಿಸಿದವು, ಕೆಲವು ಹಿಡಿಸಲಿಲ್ಲ. ಅಂಬುಜಮ್ಮನ ಭುಜದಲ್ಲಿ ನೋವು ಸೇರಿಕೊಂಡು, ಕೈ ನಿಲ್ಲುವ ಹೊತ್ತು ದಸರೆಯಿಂದ ದಸರೆಗೆ ಉದ್ದವಾಗುತ್ತ ಹೋಯಿತು. ಮುಂದುಗಡೆ ಆನೆಗಳು ಕಾಲೆತ್ತಿಕೊಂಡು ಕಾಯುತ್ತಿದ್ದವು. "ನೋಡಿ, ಈ ವರ್ಷ ಇನ್ನೂ ಜಾಸ್ತಿ ಹೊತ್ತು ನಿಲ್ಲೋ ಹಾಗೆ ಮಾಡಿದ್ದಾರೆ," ಎಂದು ಬಂದವರು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಮರೆಯ ಹಿಂದೆ ಅವಳಿಗೆ ಕೇಳಿಸುತ್ತಿತ್ತು. ಕೇಳಿಸಿಕೊಂಡು, ಭುಜ ಸಡಿಲಿಸಿ, ಅವಳು ಮತ್ತೆ ತಿರುಗಿಸುತ್ತಿದ್ದಳು.