ಬಾಣ ನಿಲ್ಲುವ ಜಾಗ

ಹಗರಿಬೊಮ್ಮನಹಳ್ಳಿಯ ಆನ್‌ಲೈನ್ ಅರ್ಜಿ ಅಂಗಡಿಯಲ್ಲಿ ನನ್ನ ಪಕ್ಕದ ಕಂಪ್ಯೂಟರಿನ ಮುಂದೆ ಕೂರುತ್ತಿದ್ದವರನ್ನು ಅಕ್ಕ ಅನ್ನುತ್ತಿದ್ದೆ. ಅರ್ಜಿ ತುಂಬುವುದನ್ನು ಜನರೇ ಕಲಿಯಲಿ ಎಂದು ಅಕ್ಕ ತಮ್ಮ ಪರದೆಯನ್ನು ರೆಕಾರ್ಡ್ ಮಾಡಿ, ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಸದ್ದಿಲ್ಲದ ಪುಟ್ಟ ಜಿಫ್ ವಿಡಿಯೊ ಮಾಡಿ ವಾಟ್ಸಾಪಿಗೆ ಕಳಿಸುತ್ತಿದ್ದರು. ಮುಗಿದೊಡನೆ ಅದು ಮೊದಲಿನಿಂದ ಓಡುತ್ತಿತ್ತು. ಬಟನ್ ಒತ್ತುವ ಮುಂಚೆ ಅವರ ಮೌಸಿನ ಬಾಣ ಅದರ ಸುತ್ತ ಒಂದು ಸುತ್ತು ಬರುತ್ತಿತ್ತು, ದೃಷ್ಟಿ ತೆಗೆಯುವ ಕೈಯಂತೆ. ಗಾಬರಿಯಾದವರಿಗೆ ಒಂದೇ ಮಾತು: “ಸಾವಕಾಶ ನೋಡ್ರಿ, ಅದು ಮತ್ತ ಬರ್ತೈತಿ.”

ಒಂದು ಮಧ್ಯಾಹ್ನ ರೇಷನ್ ಕಾರ್ಡಿನ ಅರ್ಜಿ ರೆಕಾರ್ಡ್ ಆಗುತ್ತಿದ್ದಾಗ ಬಾಣ ನಡುವೆಯೇ ನಿಂತಿತು. ಅಕ್ಕ ಬಾಗಿಲ ಕಡೆ ಕತ್ತು ತಿರುಗಿಸಿದ್ದರು. ಅಲ್ಲಿ ಬಿಸಿಲು ಬಿಟ್ಟರೆ ಯಾರೂ ಇರಲಿಲ್ಲ.

“ಯಾರೋ ನನ್ನ ಹೆಸರು ಹಿಡದು ಕರದಂಗಾತು.”

“ಓ ಅನಬೇಕಿತ್ತಲ್ಲಕ್ಕ.”

“ಒಂದ ಸಲ ಕರದ್ರ ಓ ಅನಬಾರದು ತಂಗಿ. ಮನಷ್ಯಾರಾದ್ರ ಮೂರು ಸಲ ಕರೀತಾರ.”

ಆ ನಿಂತ ಭಾಗ ಕತ್ತರಿಸಲೇ ಎಂದು ಕೇಳಿದೆ. ಇರಲಿ ಬಿಡು ಎಂದು ಹಾಗೆಯೇ ಕಳಿಸಿದರು.

ಅಕ್ಕ ತೀರಿಕೊಂಡು ವರ್ಷವಾಗುತ್ತ ಬಂತು. ಆ ಜಿಫ್ ಇನ್ನೂ ಸುತ್ತಲ ಹಳ್ಳಿಗಳ ಫೋನುಗಳಲ್ಲಿ ಓಡುತ್ತಿದೆ. ಬಾಣ ನಿಲ್ಲುತ್ತದೆ, ಕಿವಿಗೊಡುತ್ತದೆ, ಓಗೊಡದೆ ಮುಂದೆ ಹೋಗುತ್ತದೆ.

ಮೊನ್ನೆ ಕಾರ್ಡಿಗೆ ಸೊಸೆಯ ಹೆಸರು ಸೇರಿಸಲು ಇಟ್ಟಿಗಿ ಊರಿನಿಂದ ಬಂದ ಹೆಂಗಸೊಬ್ಬರಿಗೆ ಅದನ್ನು ತೋರಿಸಿದೆ. ಅಕ್ಕನ ಸಂಗತಿ ಅವರಿಗೆ ಗೊತ್ತಿರಲಿಲ್ಲ. ಬಾಣ ನಿಂತಲ್ಲಿ ಅವರು ಥಟ್ಟನೆ ಬಾಗಿಲಿನತ್ತ ತಿರುಗಿದರು.

“ಯಾರವ್ವ ನನ್ನ ಕರದದ್ದು?”

“ಸಾವಕಾಶ ನೋಡ್ರಿ” ಎಂದೆ. ಅಕ್ಕನ ಮಾತಿನ ಉಳಿದರ್ಧ ನನ್ನ ಬಾಯಿಂದ ಹೊರಡಲಿಲ್ಲ.