ಕರೆದಾಗ ಮಾತ್ರ ಬರುತ್ತಿದ್ದ ಫೈಲುಗಳು

ನನ್ನ ಗಂಡನ ಪಾಲುದಾರನಾಗಿದ್ದ ಮನುಷ್ಯ ಎದುರಿಗೆ ಬಂದರೆ ನಾನು ಇವತ್ತಿಗೂ ರಸ್ತೆ ದಾಟಿ ಆಚೆ ಹೋಗುತ್ತೇನೆ. ಇನ್ನಾದರೂ ಬಿಟ್ಟುಬಿಡು ಅನ್ನುತ್ತಾರೆ ತವರಿನವರು. ಬಿಡುವುದಿಲ್ಲ.

ಎರಡು ಸಾವಿರದ ನಂತರದ ವರ್ಷಗಳು. ನಮ್ಮನೆಯವರೂ ಆತನೂ ಸೇರಿ ಗೋಕುಲ ರಸ್ತೆಯಲ್ಲಿ ಸಣ್ಣ ಆಫೀಸು ಇಟ್ಟಿದ್ದರು. ಹತ್ತಿ, ಮೆಣಸಿನಕಾಯಿ ದರ ತೋರಿಸುವ ವೆಬ್‌ಸೈಟು ಅವರದು. ಕಟ್ಟಿದ್ದು ನಮ್ಮನೆಯವರು, ದಲಾಲಿ ಅಂಗಡಿಗಳಿಗೆ ತಿರುಗಿ ಮಾತಾಡಿದ್ದು ಆತ. ಆಗ ಇಂಟರ್ನೆಟ್ಟು ಫೋನಿನ ತಂತಿಯಲ್ಲಿ ತೆವಳಿಕೊಂಡು ಬರುತ್ತಿತ್ತು. ಪುಟ ತೆರೆಯುವಷ್ಟರಲ್ಲಿ ಅಂಗಡಿಯವರು ಫೋನ್ ಹಚ್ಚಿ ದರ ಕೇಳಿ ಮುಗಿಸಿರುತ್ತಿದ್ದರು. ಗ್ರಾಫ್ ಬಿಡಿಸುವ ಕೋಡು, ಕ್ಯಾಲೆಂಡರಿನ ಕೋಡು, ಎಲ್ಲವನ್ನೂ ಪ್ರತಿ ಪುಟ ಬೇಕೋ ಬೇಡವೋ ಹೊತ್ತುಕೊಂಡೇ ಬರುತ್ತಿದ್ದುದು ಅದಕ್ಕೆ ಕಾರಣ. ನಮ್ಮನೆಯವರು ಅವನ್ನು ಬಿಡಿಸಿ, ಬೇರೆ ಫೈಲುಗಳನ್ನಾಗಿ ಮಾಡಿ, ಎಲ್ಲ ಪುಟಗಳಿಗೂ ಸೇರಿ ಒಂದೇ ಕಡೆ ಇಟ್ಟರು. ಪುಟ ತೆರೆದರೆ ದರ ಮಾತ್ರ. ಗ್ರಾಫ್ ಅಂತ ಒತ್ತಿದಾಗ ಅದರ ಕೋಡು ಬರಬೇಕು.

ನನಗೆ ತಿಳಿಯಲಿಲ್ಲ. ಅವರೇ ತಿಳಿಸಿ ಹೇಳಿದರು:

“ರೊಟ್ಟಿ ಎಲ್ಲಾ ಬಡದು ಮುಗಿಸಿ ಆಮ್ಯಾಲೆ ಊಟಕ್ಕ ಕರೀತಿ ಏನು? ಒಂದು ತಾಟಿಗೆ ಹಾಕ್ತಿ. ಉಳಿದದ್ದು ಬೇಡಿದಂಗ.”

“ಬೇಡದಿದ್ರ?”

“ಹಿಟ್ಟು ಹಂಗ ಇರ್ತೈತಿ. ಎಲ್ಲಿ ಹೋಗತೈತಿ?”

ಹೊಸ ಪುಟ ಮಾಡಿದರೆ ಮನೆಯ ಕಂಪ್ಯೂಟರಿನಲ್ಲಿ ಮೊದಲು ನಾನು ಒತ್ತಿ ನೋಡಬೇಕಿತ್ತು. “ನಿನಗ ತಿಳದ್ರ ದಲಾಲಿ ಕಾಕಾಗೂ ತಿಳೀತೈತಿ” ಅನ್ನುತ್ತಿದ್ದರು. ಹೊಗಳಿದರೋ ಬೈದರೋ ಎಂದು ಕೇಳಿದರೆ, “ಮೊದಲ ಗ್ರಾಫ್ ಒತ್ತು.”

ಗಬ್ಬೂರಿನ ಹತ್ತಿರ, ಬೈಪಾಸಿನಲ್ಲಿ, ಅವರ ಮೇಲೆ ಲಾರಿ ಹಾಯಿತು. ಅದರ ಬಗ್ಗೆ ಇಷ್ಟೇ ಬರೆಯಬಲ್ಲೆ.

ಇನ್ನೂ ಜನ ಮಾತಾಡಿಸಲು ಬಂದು ಹೋಗುತ್ತಿದ್ದ ದಿನಗಳವು. ಆತನೂ ಬಂದ. ಜೊತೆಗೆ ಹತ್ತಿ ವ್ಯಾಪಾರದ ಹಿರಿಯರೊಬ್ಬರು. ನಾವೆಲ್ಲ ದಲಾಲಿ ಕಾಕಾ ಅನ್ನುತ್ತಿದ್ದುದು ಅವರನ್ನೇ. ಜಮಖಾನೆಯ ಮೇಲೆ, ಹೂವು ಹಾಕಿದ ಫೋಟೋದ ಎದುರಿಗೇ ಕೂತು ಆತ ಕಾಕಾಗೆ ಹೇಳಿದ:

“ಹೋದಾಂವನ ಬಗ್ಗೆ ಅನಬಾರದು. ಆದ್ರ ಕೆಲಸ ಅರ್ಧಾಕ್ಕ ಬಿಟ್ಟು ಹೋಗ್ಯಾನ್ರಿ. ಗ್ರಾಫ್ ಒತ್ತಿದ್ರ ಏನೂ ಬರಂಗಿಲ್ಲ. ಪ್ಯಾಟ್ಯಾಗ ಎಲ್ಲಾರಿಗೂ ನಾನ ಉತ್ತರಾ ಹೇಳಾಕತ್ತೇನಿ.”

ಅಂದರೆ ಪೇಟೆಯಲ್ಲೆಲ್ಲ ಹೇಳಿ ಆಗಿತ್ತು. ಸತ್ತವರಿಗೆ ಉಳಿದಿದ್ದದ್ದು ಹೆಸರೊಂದೇ. ಅದಕ್ಕೂ ಈತ ಮಸಿ ಬಳಿಯುತ್ತಿದ್ದ, ಅದೂ ಅವರ ಮನೆಯಲ್ಲೇ ಕೂತು.

ನಾನು ಮೂಲೆಯಿಂದ ಎದ್ದೆ. “ಕಾಕಾ, ಸ್ವಲ್ಪ ಒಳಗ ಬರ್ರಿ.”

ಕಂಪ್ಯೂಟರ್ ಹಚ್ಚಿ, ನಮ್ಮನೆಯವರು ಅದರಲ್ಲೇ ಇಟ್ಟಿದ್ದ ಪ್ರತಿಯಿಂದ ಹತ್ತಿಯ ಪುಟ ತೆರೆದೆ. ದರ ಬಂತು. ಗ್ರಾಫ್ ಒತ್ತಿದೆ. ಹಿಂದಿನ ಹಂಗಾಮಿನ ಏರಿಳಿತವೆಲ್ಲ ಗೆರೆಗೆರೆಯಾಗಿ ಮೂಡಿತು.

“ಬಂತಲ್ಲೋ!” ಕಾಕಾ ಹಿಂದೆ ತಿರುಗಿದರು. “ಮಾಲು ಪೂರಾ ಐತಿ. ನಿನ್ನ ಕಡೆ ಯಾಕಿಲ್ಲ?”

ಆತ ಬಾಗಿಲಲ್ಲೇ ನಿಂತಿದ್ದ. “ಅವು… ಯಾವ ಪುಟ ತೆರದ್ರೂ ಆ ಫೈಲು ಬರ್ತಿದ್ದಿಲ್ರಿ. ಯಾರೂ ಮುಟ್ಟದವು ಅಂತ ಅಳಿಸಿ ಸ್ವಚ್ಛ ಮಾಡೀನಿ.”

“ನೀವ ಹಿಟ್ಟು ಚೆಲ್ಲಿ, ರೊಟ್ಟಿ ಬಡದಿಲ್ಲ ಅಂತ ಸತ್ತವರಿಗೆ ಅಂತೀರಿ?” ಎಂದೆ.

ಆತ, ಏನೂ ಆಗಿಲ್ಲವೆಂಬಂತೆ, “ಆ ಫೈಲು ಒಂದು ಸಿಡಿಗೆ ಹಾಕಿ ಕೊಟ್ಟುಬಿಡ್ರಿ ವೈನಿ” ಅಂದ.

“ಪ್ಯಾಟ್ಯಾಗ ಏನು ಹೇಳೀರಿ, ಅದು ಸುಳ್ಳು ಅಂತ ಅಲ್ಲೇ ನಿಂತು ಹೇಳ್ರಿ. ಆಮ್ಯಾಲೆ ಕಾಕಾ ಬಂದು ಒಯ್ಲಿ.”

“ನಾನ ನಿಂತು ಹೇಳಿಸ್ತೇನಿ ತಂಗಿ,” ಅಂದರು ಕಾಕಾ.

ಸಾವಾದ ಮನೆಯಿಂದ ಹೊರಡುವವರು ಬರುತ್ತೇನೆ ಅನ್ನುವುದಿಲ್ಲ. ಸುಮ್ಮನೆ ಎದ್ದು ಹೋಗುತ್ತಾರೆ. ಕಾಕಾ ಹಾಗೇ ಹೋದರು. ಆತ ಚಪ್ಪಲಿ ಮೆಟ್ಟುತ್ತ ರೂಢಿಯ ಮೇಲೆ “ಬರ್ತೇನ್ರಿ ವೈನಿ” ಅಂದು, ನಾಲಿಗೆ ಕಚ್ಚಿಕೊಂಡ.

“ಬರಬ್ಯಾಡ್ರಿ” ಎಂದೆ.

ಕೆಲವು ದಿನ ಬಿಟ್ಟು ಕಾಕಾ ಒಬ್ಬರೇ ಬಂದರು.

“ಅವ್ರು ಹೇಳಿದ್ರೇನ್ರಿ?”

“ಹೇಳಿದ. ಸಣ್ಣ ದನಿಯಾಗ ಹೇಳಿದ.”

“ಎಲ್ಲಾರಿಗೂ ಕೇಳಿಸ್ತೇನು?”

“ಎರಡ್ನೇ ಸಲಕ್ಕ ಕೇಳಿಸ್ತವ್ವಾ.”

ಸಿಡಿ ಕೊಟ್ಟೆ.