ಹಿಂಬಾಗಿಲು ತೆರೆಯುವ ಗಾಳೆಪ್ಪ

ಹೂವಿನಹಡಗಲಿ ಕಡೆಯ ಒಂದು ಸಣ್ಣ ಸರ್ಕಾರಿ ಆಸ್ಪತ್ರೆ. ಇನ್ನೂ ನಸುಕು. ಮುಂಬಾಗಿಲಿಗೆ ಒಳಗಿನಿಂದ ಬೀಗವಿದೆ, ಹಿತ್ತಲ ಬಾಗಿಲು ಮಾತ್ರ ಅರ್ಧ ತೆರೆದಿದೆ. ಒಳಗೆ ಗಾಯ ತೊಳೆದು ಕಟ್ಟುವ ಡ್ರೆಸ್ಸರ್ ಗಾಳೆಪ್ಪ ಸ್ಟೋವಿನ ಮೇಲೆ ನೀರು ಕಾಯಿಸುತ್ತಿದ್ದಾರೆ. ಹೊರಗೆ ಬೇವಿನ ಮರದಡಿ ಮುಖಕ್ಕೆ ಟವೆಲ್ ಸುತ್ತಿಕೊಂಡ ಗಂಡಸರು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ತಿರುಗಿ ಕುಳಿತಿದ್ದಾರೆ.

ಒಳಗೆ ಬಂದವರೆಲ್ಲ ಹೇಳುವುದು ಒಂದೇ ಮಾತು: "ಉಷ್ಣ ಆಗೈತ್ರಿ." ಲಾರಿಯವನಿಗೂ ಉಷ್ಣ, ಕುರಿ ಕಾಯುವವನಿಗೂ ಉಷ್ಣ, ಪೇಟೆಯ ಯಜಮಾನರಿಗೂ ಉಷ್ಣ. ಪಂಚೆ ಸರಿಸಿದರೆ ತೊಡೆಸಂದಿನಲ್ಲಿ ನಿಂಬೆಹಣ್ಣಿನ ಗಾತ್ರದ ಗಡ್ಡೆ, ಮರ್ಮಾಂಗದ ಮೇಲೆ ಕೀವಾಡುವ ಹುಣ್ಣು. ಅದೆಂಥ ಉಷ್ಣವೋ, ದೇವರೇ ಬಲ್ಲ! ಗಾಳೆಪ್ಪ ವಾದಕ್ಕೆ ಇಳಿಯುವುದಿಲ್ಲ. ಅಂಟಿಕೊಂಡ ಬಟ್ಟೆಯನ್ನು ನೆನೆಸಿ ಬಿಡಿಸುತ್ತಾರೆ, ತೊಳೆಯುತ್ತಾರೆ, ಔಷಧಿ ಹಚ್ಚಿ ಕಟ್ಟುತ್ತಾರೆ. ಡಾಕ್ಟರು ಹೊತ್ತೇರಿದ ಮೇಲೆ ಬಂದು ಸೂಜಿ ಚುಚ್ಚುತ್ತಾರೆ.

ಹಲವಾಗಲು ಎಂಬ ಊರಿನಿಂದ ಕೂಲಿಗೆ ಬಂದು ಇಲ್ಲಿ ಕಸ ಹೊಡೆಯುತ್ತಿದ್ದವರು ಗಾಳೆಪ್ಪ. ಹಳೆಯ ಡ್ರೆಸ್ಸರ್ ಬಿಟ್ಟುಹೋದಾಗ ಈ ಕೆಲಸಕ್ಕೆ ಯಾರೂ ಕೈಹಾಕಲಿಲ್ಲ, ಇವರು ಹಾಕಿದರು. ಅದಕ್ಕೆ ಸಿಕ್ಕ ಮರ್ಯಾದೆ ನೋಡಿ. ನಸುಕಿನಲ್ಲಿ ಇವರ ಕೈ ಹಿಡಿದು ಅತ್ತವರು ಸಂತೆಯಲ್ಲಿ ಎದುರಾದರೆ ಮುಖ ತಿರುಗಿಸುತ್ತಾರೆ. ಮಗಳನ್ನು ನೋಡಲು ಬಂದ ಗಂಡಿನ ಕಡೆಯವರು, ಅಪ್ಪನ ಕೆಲಸ ಏನೆಂದು ತಿಳಿದು, ಕೊಟ್ಟ ನೀರನ್ನೂ ಮುಟ್ಟದೆ ಎದ್ದು ಹೋದರು. ರೋಗ ಹೊತ್ತು ತಂದವರಿಗಿಲ್ಲದ ನಾಚಿಕೆ, ತೊಳೆದವರಿಗೆ ಬೇಕಂತೆ!

ಆದರೆ ಗಾಳೆಪ್ಪನವರ ಸಿಟ್ಟು ಇದಕ್ಕಲ್ಲ. "ನನ್ನ ಮಾತು ಬಿಡ್ರಿ, ಮನ್ಯಾಗ ಕುಂತ ಹೆಣ್ಮಗಳ ಗತಿ ಏನು?" ಎನ್ನುತ್ತಾರೆ. ಈ ರೋಗ ಹೆಂಡತಿಗೂ ಅಂಟಿರುತ್ತದೆ, ಅವಳಿಗೂ ಸೂಜಿ ಆಗಬೇಕು, ಕರೆತಾ ಎಂದು ಡಾಕ್ಟರು ಪ್ರತಿಯೊಬ್ಬನಿಗೂ ಹೇಳುತ್ತಾರೆ. ಗಂಡಸು ತಲೆಯಾಡಿಸುತ್ತಾನೆ, ತಾನು ವಾಸಿಮಾಡಿಕೊಂಡು ಹೋಗುತ್ತಾನೆ, ಮನೆಯಲ್ಲಿ ತುಟಿ ಬಿಚ್ಚುವುದಿಲ್ಲ. ಅಲ್ಲಿ ಬಸಿರು ನಿಲ್ಲದಿದ್ದರೆ ಬೈಗುಳವೆಲ್ಲ ಅವಳ ಪಾಲು.

ಮಾಗಳದ ಕಡೆಯ ಕುರಿಗಾಹಿ ಯರ್ರಿಸ್ವಾಮಿ ಬಂದದ್ದು ಹೀಗೆಯೇ. ಕುರಿಯ ಬಾತ ಕಾಲಿಗೆ ಹಾಕುವಂತೆ, ತಾಯಿ ಮಾಳಮ್ಮ ಕುಡುಗೋಲು ಕಾಯಿಸಿ ಮಗನ ತೊಡೆಸಂದಿನ ಗಡ್ಡೆಗೇ ಬರೆ ಹಾಕಿದ್ದಳು. ಬರೆಯ ಗಾಯ ಕೊಳೆತು ಅವನು ಕಾಲು ಅಗಲಿಸಿಕೊಂಡು ಕುಂಟುತ್ತಿದ್ದ. ಗಾಯ ತೊಳೆಯುತ್ತ ಗಾಳೆಪ್ಪ ಮನೆಯ ಸಮಾಚಾರ ಕೇಳಿದರು. ಹೆಂಡತಿ ಜಂಬಕ್ಕನಿಗೆ ಎರಡು ಬಸಿರು ಇಳಿದಿವೆ, ಈಗ ಮತ್ತೆ ಬಸುರಿ. ಎಲ್ಲ ಅವಳ ಕಾಲ್ಗುಣ ಎಂದು ತಾಯಿ ಹಂಗಿಸುತ್ತಾಳೆ ಎಂದ. ಮುಂದಿನ ಸಲ ಕರೆತಾ ಎಂದರೆ, ಅವಳಿಗೇನೂ ಆಗಿಲ್ಲ, ಅವಳು ಬಂದರೆ ಹಟ್ಟಿಯ ಮರಿಗಳನ್ನು ನೋಡುವವರಾರು ಎಂದ.

ಗಾಳೆಪ್ಪ ಕೈಯಲ್ಲಿದ್ದ ಹತ್ತಿ ಕೆಳಗಿಟ್ಟರು.

"ಒಂದು ಕುರೀಗೆ ಕಜ್ಜಿ ಬಂದ್ರ ಇಡೀ ಹಿಂಡಿಗೆ ಔಷಧಿ ಹಚ್ತಿ. ಹಚ್ತಿಯೋ ಇಲ್ಲೋ?"

ಹಚ್ತೀನಿ ಎಂದು ಯರ್ರಿಸ್ವಾಮಿ ಒಪ್ಪಿಕೊಂಡ.

"ಮತ್ತ ನಿನ್ನ ಹೇಣ್ತಿ ಕುರೀಗಿಂತ ಕಡಿಮಿ ಆದ್ಲೇನು, ತಮ್ಮಾ? ಈ ಕೂಸೂ ಹೋದ್ರ ಯಾರ ಕಾಲ್ಗುಣ ಅಂತಿ?"

ಅವನು ಪಂಚೆ ಸರಿಮಾಡಿಕೊಂಡು ಹೊರಟುಹೋದ. ಇನ್ನು ಬರಲಿಕ್ಕಿಲ್ಲ, ಬಾಯಿ ಜೋರು ಮಾಡಿ ತಾನೇ ಕೆಡಿಸಿದೆ ಎಂದು ಗಾಳೆಪ್ಪ ಆ ದಿನವೆಲ್ಲ ಪೇಚಾಡಿದರು. ಬಸುರಿಯ ಸೂಜಿ ತಪ್ಪಿದರೆ ಆ ಕೂಸಿನ ಆಸೆಯೂ ಅಷ್ಟೇ ಎಂದು ಅವರಿಗೆ ಗೊತ್ತು.

ಇವತ್ತು ಬೇವಿನ ಮರದಡಿ, ಎಲ್ಲರಿಗಿಂತ ಹಿಂದೆ, ಯರ್ರಿಸ್ವಾಮಿ ನಿಂತಿದ್ದಾನೆ. ಅವನ ಬೆನ್ನಿಗೆ ಸೆರಗನ್ನು ಮುಖದವರೆಗೆ ಎಳೆದುಕೊಂಡ ತುಂಬು ಬಸುರಿ. ಗಂಡಸರ ನಡುವೆ ಹೆಜ್ಜೆ ಇಡಲಾಗದೆ ಹಿತ್ತಲ ಗೋಡೆಗೆ ಒರಗಿದ್ದಾಳೆ. ಗಾಳೆಪ್ಪ ಕೈ ಒರೆಸಿಕೊಳ್ಳುತ್ತಾರೆ. ಬೀಗದ ಕೈ ಹಿಡಿದು ಒಳಗಿನಿಂದಲೇ ಹೋಗಿ, ಹೊತ್ತಿಗೆ ಮುಂಚೆಯೇ ಮುಂಬಾಗಿಲು ತೆರೆದು, ಅಂಗಳ ಸುತ್ತಿ ಅವಳ ಬಳಿ ಬರುತ್ತಾರೆ.

"ನೀ ಯಾಕವ್ವ ಹಿತ್ತಲಾಗ ನಿಂತಿ? ಮುಖ ಮುಚ್ಚಿಕೊಳ್ಳೋ ಕೆಲಸ ನೀನೇನು ಮಾಡೀದಿ? ಮುಂದಿನ ಬಾಗ್ಲಿಂದ ಬಾ."